ಕಾಪ್ರೇಸೆ ತಟ್ಟೆಯಲ್ಲಿ ನೀರು ನಿಲ್ಲೋದು ಯಾಕೆ?

ಪ್ರಶ್ನೆ: ಮೇಡಂ, ಇಟಲಿಯ ಟೊಮೆಟೊ–ಮೊಝರೆಲ್ಲಾ ಸಲಾಡ್ ಮನೆಯಲ್ಲಿ ಎರಡು ಸಲ ಮಾಡಿದೆ. ಎರಡು ಸಲವೂ ತಟ್ಟೆ ತುಂಬ ನೀರು. ಚೀಸ್ ಅಗಿದರೆ ರಬ್ಬರ್ ಥರ ಇತ್ತು. ಹೋಟೆಲಿನಲ್ಲಿ ತಿಂದ ರುಚಿ ಬರಲೇ ಇಲ್ಲ. ಪಿಜ್ಜಾ ಮೇಲೆ ಹಾಕುವ ಮೊಝರೆಲ್ಲಾ ತಂದಿದ್ದೆ. ಬೇಸಿಲ್ ಸಿಗದೆ ತುಳಸಿ ಹಾಕಿದೆ, ಮೇಲೆ ಬಾಲ್ಸಾಮಿಕ್ ಸಾಸ್ ಸುರಿದೆ. ನೀರು ಬರಬಾರದು ಅಂತ ಎರಡನೇ ಸಲ ಟೊಮೆಟೊ ಬೀಜವನ್ನೂ ತೆಗೆದಿದ್ದೆ. ಎಲ್ಲಿ ತಪ್ಪಾಗುತ್ತಿದೆ? ಪನೀರ್ ಹಾಕಬಹುದಾ? ಚೀಸ್ ಮನೆಯಲ್ಲೇ ಮಾಡೋಕೆ ಆಗುತ್ತಾ? ನಾವು ಸಸ್ಯಾಹಾರಿಗಳು. ಮುಂದಿನ ಭಾನುವಾರ ಮಗಳ ಗೆಳತಿಯರು ಊಟಕ್ಕೆ ಬರುತ್ತಿದ್ದಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಬರೆದದ್ದನ್ನು ಓದಿದರೆ ನಿಮ್ಮ ಕೈಯಲ್ಲಿ ದೋಷ ಕಾಣುವುದಿಲ್ಲ. ಅರ್ಧ ದೋಷ ಅಂಗಡಿಯಿಂದ ತಂದ ಸಾಮಾನಿನಲ್ಲಿದೆ, ಇನ್ನರ್ಧ ಫ್ರಿಜ್ಜಿನಲ್ಲಿದೆ. ಈ ಸಲಾಡ್‌ಗೆ ಒಲೆ ಹಚ್ಚುವ ಕೆಲಸವಿಲ್ಲ. ಒಗ್ಗರಣೆ ಇಲ್ಲ, ಮಸಾಲೆ ಇಲ್ಲ. ಟೊಮೆಟೊ, ಹಸಿ ಮೊಝರೆಲ್ಲಾ, ಬೇಸಿಲ್ ಎಲೆ, ಆಲಿವ್ ಎಣ್ಣೆ, ಉಪ್ಪು. ಅಷ್ಟೇ. ಸಾರಿಗೆ ಹುಳಿ ಜಾಸ್ತಿಯಾದರೆ ಒಂದು ಚೂರು ಬೆಲ್ಲ ಹಾಕಿ ಸರಿ ಮಾಡುತ್ತೇವೆ, ಸಪ್ಪೆಯಾದರೆ ಸಾರಿನ ಪುಡಿ ಹಾಕುತ್ತೇವೆ. ಇಲ್ಲಿ ಆ ದಾರಿಯಿಲ್ಲ. ಟೊಮೆಟೊ ಸಪ್ಪೆಯಿದ್ದರೆ ಸಲಾಡ್ ಸಪ್ಪೆ. ಅದಕ್ಕೇ ನಾನು ಅಡುಗೆಗಿಂತ ಸಾಮಾನಿನ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಇದರ ಹೆಸರು ಇನ್ಸಲಾತಾ ಕಾಪ್ರೇಸೆ, ಅಂದರೆ ಕಾಪ್ರಿಯ ಸಲಾಡ್. ಕಾಪ್ರಿ ಇರುವುದು ಇಟಲಿಯ ದಕ್ಷಿಣದಲ್ಲಿ, ನೇಪಲ್ಸ್ ಕೊಲ್ಲಿಯ ಬಾಯಲ್ಲಿ. ಹತ್ತು ಚದರ ಕಿಲೋಮೀಟರಿನಷ್ಟು ದೊಡ್ಡ, ಪೂರ್ತಿ ಬಂಡೆಗಳ ದ್ವೀಪ. ದೋಣಿಯಲ್ಲಿ ಹೋದರೆ ಎದುರಿಗೇ ಸೊರೆಂಟೊ ಪರ್ಯಾಯದ್ವೀಪ, ಅದರ ಬೆನ್ನಿಗೆ ಲತ್ತಾರಿ ಬೆಟ್ಟಸಾಲು. ಆ ಬೆಟ್ಟದ ಮೇಲಿನ ಅಜೆರೋಲಾ ಎಂಬ ಊರು ಹಸುವಿನ ಹಾಲಿನ ಮೊಝರೆಲ್ಲಾಗೆ ಹೆಸರುವಾಸಿ. ಕೆಳಗೆ ಸೊರೆಂಟೊ ಸುತ್ತ ದಪ್ಪ, ಗುಲಾಬಿ ಬಣ್ಣದ, ಮೈಯೆಲ್ಲ ಮಡಿಕೆ ಬಿದ್ದ ಟೊಮೆಟೊ ಬೆಳೆಯುತ್ತಾರೆ. ಕಾಪ್ರೇಸೆ ಹುಟ್ಟಿದ್ದು ಹೀಗೆ ಅಕ್ಕಪಕ್ಕದಲ್ಲೇ ಸಿಗುವ ಸಾಮಾನಿನಿಂದ. ಯಾರು ಮೊದಲು ಮಾಡಿದರು ಅನ್ನೋದಕ್ಕೆ ಅಲ್ಲಿನ ಹೋಟೆಲುಗಳಲ್ಲಿ ಬೇಕಾದಷ್ಟು ಕಥೆಗಳಿವೆ. ನಿಮಗೆ ಅದರಿಂದ ಉಪಯೋಗವಿಲ್ಲ. ಉಪಯೋಗ ಇರೋದು ಈ ವಿಷಯದಲ್ಲಿ: ಅಲ್ಲಿ ಇದು ಬೇಸಿಗೆಯ ಮಧ್ಯಾಹ್ನದ ತಿಂಡಿ. ಬಿಸಿಲಲ್ಲಿ ಹಣ್ಣಾದ ಟೊಮೆಟೊ, ಅದೇ ದಿನ ಮಾಡಿದ ಚೀಸ್. ಎರಡೂ ತಣ್ಣಗಿರುವುದಿಲ್ಲ.

ಮೊದಲು ಚೀಸ್ ವಿಷಯ. ನೀವು ತಂದದ್ದು ಗಟ್ಟಿ ಮೊಝರೆಲ್ಲಾ. ಒಲೆಯ ಬಿಸಿಗೆ ಕರಗಿ ಎಳೆ ಎಳೆಯಾಗಿ ಬರಬೇಕು ಅಂತಲೇ ಅದರ ನೀರಿನ ಅಂಶ ಕಡಿಮೆ ಮಾಡಿರುತ್ತಾರೆ. ಪಿಜ್ಜಾಗೆ ಅದು ಸರಿ. ತಣ್ಣಗೆ ತಿಂದರೆ ರಬ್ಬರೇ. ತುರಿದು ಪ್ಯಾಕ್ ಮಾಡಿದ್ದಾದರೆ ಎಳೆಗಳು ಅಂಟಿಕೊಳ್ಳಬಾರದು ಅಂತ ಪಿಷ್ಟದ ಪುಡಿಯನ್ನೂ ಸವರಿರುತ್ತಾರೆ, ಅದು ನಾಲಿಗೆಗೆ ಹಿಟ್ಟು ಹಿಟ್ಟು. ಸಲಾಡ್‌ಗೆ ಬೇಕಾದ್ದು ಹಸಿ ಮೊಝರೆಲ್ಲಾ. ನೀರಿನಲ್ಲಿ ತೇಲುವ ಬಿಳಿ ಉಂಡೆಯಾಗಿ, ಡಬ್ಬಿಯಲ್ಲೋ ಚೀಲದಲ್ಲೋ ಬರುತ್ತದೆ. ಲೇಬಲ್ ಮೇಲೆ ಫ್ರೆಶ್ ಮೊಝರೆಲ್ಲಾ, ಬೊಕ್ಕೊಂಚೀನಿ ಅಂತೆಲ್ಲಾ ಇರುತ್ತೆ. ಬೊಕ್ಕೊಂಚೀನಿ ಅಂದರೆ ಸಣ್ಣ ಉಂಡೆ, ಇಟಲಿಯಲ್ಲಿ ಸುಮಾರು 50 ಗ್ರಾಂ ತೂಗುತ್ತದೆ. ಅದಕ್ಕಿಂತ ಚಿಕ್ಕ, ಚೆರಿ ಗಾತ್ರದವೂ ಸಿಗುತ್ತವೆ. ರುಚಿಯಲ್ಲಿ ವ್ಯತ್ಯಾಸವಿಲ್ಲ. ಆದರೆ ಬಿಲ್ಲೆ ಕೊಯ್ಯೋಕೆ ದೊಡ್ಡ ಉಂಡೆಯೇ ಅನುಕೂಲ.

ಒಳ್ಳೆಯ ಉಂಡೆಯನ್ನು ಗುರುತಿಸೋದು ಕಷ್ಟವಲ್ಲ. ಕೈಯಲ್ಲಿ ಹಿಡಿದರೆ ಮೈ ನಯವಾಗಿ ಹೊಳೆಯಬೇಕು. ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಚಾಕು ಇಟ್ಟಾಗ ಹೊರಗೆ ತೆಳುವಾದ ಸಿಪ್ಪೆ ಕಾಣುತ್ತದೆ. ಒಳಗೆ ಒಂದರ ಮೇಲೊಂದು ಪದರ, ಪದರದ ಸಂದಿಯಿಂದ ಹಾಲು ಬಣ್ಣದ ಹನಿಗಳು ಜಿನುಗುತ್ತವೆ. ಆ ಹನಿ ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟು ನೋಡಿ. ಸಿಹಿ ಹಾಲಿನ ರುಚಿ, ಹಿಂದೆ ಸ್ವಲ್ಪ ಹುಳಿ ಇದ್ದರೆ ಸರಿಯಾದ ಮಾಲು. ಕಹಿ ಬಂದರೆ, ಮೈ ಲೋಳೆಯಾಗಿದ್ದರೆ ಅಂಗಡಿಗೆ ವಾಪಸ್ ಕೊಡಿ. ಒಳಗೆ ಪದರವೇ ಇಲ್ಲದೆ ಒಂದೇ ಸಮ ಗಟ್ಟಿಯಾಗಿದ್ದರೆ ಹಳೆಯದು, ಇಲ್ಲಾ ಹಾಲೇ ಸರಿ ಇರಲಿಲ್ಲ.

ಆ ಪದರ ಬರೋದು ಮಾಡುವ ಕ್ರಮದಿಂದ. ಹೆಪ್ಪುಗಟ್ಟಿಸಿದ ಹಾಲಿನ ಗಟ್ಟಿಯನ್ನು ಹುಳಿಯಾಗಲು ಬಿಡುತ್ತಾರೆ. ಹುಳಿಯ ಅಳತೆ, ಅಂದರೆ ಪಿಎಚ್, 5.2ರ ಆಸುಪಾಸು ಬಂದಾಗ ಅದರ ಮೇಲೆ ಕುದಿಯುವ ಹತ್ತಿರದ ಬಿಸಿನೀರು ಹಾಕಿ ಎಳೆಯುತ್ತಾರೆ. ಎಳೆದು ಮಡಿಸಿ, ಮತ್ತೆ ಎಳೆದು ಮಡಿಸಿ, ಕೊನೆಗೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ಉಂಡೆ ಕತ್ತರಿಸುತ್ತಾರೆ. ಹಾಲಿನ ಪ್ರೋಟೀನು ಎಳೆಗಳಾಗಿ ಸಾಲಾಗುತ್ತದೆ, ನಡುವೆ ಕೊಬ್ಬು ಮತ್ತು ಹಾಲಿನ ನೀರು ಸಿಕ್ಕಿಕೊಳ್ಳುತ್ತದೆ.

ಈಗ ಎಮ್ಮೆಯೋ ಹಸುವೋ? ಹೆಚ್ಚಿನವರು ಎಮ್ಮೆ ಹಾಲಿನದೇ ಶ್ರೇಷ್ಠ ಅಂತಾರೆ. ನೇಪಲ್ಸ್ ಇರುವ ಕಂಪಾನಿಯ ಪ್ರಾಂತ್ಯದ ಕಾಸೆರ್ತಾ, ಸಲೆರ್ನೊ ಕಡೆಯ ಎಮ್ಮೆ ಮೊಝರೆಲ್ಲಾಗೆ 1996ರಿಂದ ಯುರೋಪಿನ ರಕ್ಷಿತ ಹೆಸರು ಇದೆ. ನಮ್ಮ ಮೈಸೂರು ಸಿಲ್ಕ್‌ಗೆ ಭೌಗೋಳಿಕ ಗುರುತು ಇರುವ ಹಾಗೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಶೇಕಡ 7–8ರಷ್ಟು ಇರೋದರಿಂದ ಆ ಚೀಸ್ ತುಂಬ ರುಚಿ, ತುಂಬ ರಸ. ಹಾಗೇ ಬರೀ ಬಾಯಲ್ಲಿ ತಿನ್ನೋದಕ್ಕೆ ಅದರ ಸಮ ಇಲ್ಲ. ಆದರೆ ಕಾಪ್ರೇಸೆಗೆ ನನ್ನ ಓಟು ಫಿಯೋರ್ ದಿ ಲಾತ್ತೆ ಎಂಬ ಹಸುವಿನ ಹಾಲಿನ ಮೊಝರೆಲ್ಲಾಗೇ. ಎಮ್ಮೆಯದು ಕೊಯ್ದ ಮೇಲೆ ನೀರು ಬಿಡುತ್ತಲೇ ಇರುತ್ತದೆ, ಅದರ ಘಾಟು ರುಚಿ ಟೊಮೆಟೊವನ್ನು ಹಿಂದಕ್ಕೆ ತಳ್ಳುತ್ತದೆ. ಅಜೆರೋಲಾ ಎದುರಿಗೇ ಇರುವ ದ್ವೀಪದ ಸಲಾಡ್‌ಗೆ ಹಸುವಿನದೇ ಹೊಂದೋದು ಅಂತ ಆ ಕಡೆಯ ಬಹಳ ಜನರೂ ವಾದ ಮಾಡುತ್ತಾರೆ. ನಿಮ್ಮ ತಟ್ಟೆಯ ನೀರಿನ ತೊಂದರೆಗೂ ಹಸುವಿನದೇ ಒಳ್ಳೆಯದು. ಬುರ್ರಾತಾ ಹಾಕಬಹುದಾ ಅಂತ ಮಗಳು ಕೇಳಬಹುದು. ಅದು ಪುಲಿಯಾ ಪ್ರಾಂತ್ಯದ್ದು, ಒಳಗೆಲ್ಲ ಕೆನೆ. ಒಡೆದರೆ ತಟ್ಟೆ ತುಂಬ ಹರಿಯುತ್ತದೆ. ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಅಂದಿರಿ, ಹಾಗಾಗಿ ಒಂದು ಮಾತು. ಚೀಸ್ ಹೆಪ್ಪುಗಟ್ಟಿಸೋಕೆ ರೆನೆಟ್ ಬೇಕು. ಇಟಲಿಯಲ್ಲಿ ಹಳೆಯ ಕ್ರಮದ ರೆನೆಟ್ ಕರುವಿನ ಹೊಟ್ಟೆಯಿಂದ ಬರುತ್ತದೆ. ರಕ್ಷಿತ ಹೆಸರಿನ ಎಮ್ಮೆ ಮೊಝರೆಲ್ಲಾದ ನಿಯಮದಲ್ಲೇ ಕರುವಿನ ರೆನೆಟ್ ಅಂತ ಬರೆದಿದೆ. ಭಾರತದ ಆಹಾರ ನಿಯಮ ಹೇಳುವುದು ಪ್ರಾಣಿಜನ್ಯವಲ್ಲದ ರೆನೆಟ್. ಆದ್ದರಿಂದ ಇಲ್ಲೇ ತಯಾರಾದ, ಹಸಿರು ಚುಕ್ಕೆ ಇರುವ ಪ್ಯಾಕೆಟ್ ತೆಗೆದುಕೊಂಡರೆ ಯೋಚನೆಯಿಲ್ಲ. ವಿದೇಶದಲ್ಲಿರುವ ನಮ್ಮವರು ಇದನ್ನು ಓದುತ್ತಿದ್ದರೆ ಲೇಬಲ್ ತಿರುಗಿಸಿ ನೋಡಿ, ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ ಅಂತ ಇರಬೇಕು. ನಿಮಗೆ ಮೈಸೂರಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ಯಾರಾದರೂ ಬರುವಾಗ ಐಸ್ ಪೆಟ್ಟಿಗೆಯಲ್ಲಿ ತರಿಸಿ. ಅಲ್ಲಿ ಬೆನೆಡಿಕ್ಟೈನ್ ಪಂಥದ ಸನ್ಯಾಸಿಗಳೇ ವಲ್ಲೊಂಬ್ರೋಸಾ ಅನ್ನುವ ಹೆಸರಲ್ಲಿ ಇಟಲಿಯ ಕ್ರಮದ ಹಸಿ ಚೀಸ್ ಮಾಡುತ್ತಾರೆ. ಬೇರೆ ಸಣ್ಣ ತಯಾರಕರೂ ಇದ್ದಾರೆ. ಯಾರದೇ ಆಗಲಿ, ತಯಾರಾದ ದಿನಾಂಕ ನೋಡಿ, ಹೊಸದನ್ನು ತನ್ನಿ. ಉಂಡೆಯ ಜೊತೆ ಬಂದ ನೀರನ್ನು ಚೆಲ್ಲಬೇಡಿ, ಬಳಸುವ ತನಕ ಅದರಲ್ಲೇ ಇರಲಿ. ಪ್ಯಾಕೆಟ್ ಒಡೆದ ಮೇಲೆ ಎರಡು ದಿನದೊಳಗೆ ಮುಗಿಸಿ.

ಪನೀರ್ ಬೇಡ. ಕೋಪ ಮಾಡಿಕೊಳ್ಳಬೇಡಿ, ಪನೀರ್ ಮೇಲೆ ನನಗೆ ದ್ವೇಷ ಇಲ್ಲ. ಹಾಲು ಚೆನ್ನಾಗಿ ಕಾದಾಗ ಹುಳಿ ಹಾಕಿ ಒಡೆಸಿ, ಹಿಂಡಿ ಮಾಡೋದು ಅದು. ಅದರಲ್ಲಿ ಎಳೆ ಇಲ್ಲ, ಪದರ ಇಲ್ಲ, ಒಳಗೆ ಹಿಡಿದಿಟ್ಟ ಹಾಲಿಲ್ಲ. ಟೊಮೆಟೊ ರಸದ ಜೊತೆ ಬೆರೆಯೋಕೆ ಅದರ ಹತ್ತಿರ ಏನೂ ಉಳಿದಿರುವುದಿಲ್ಲ. ಪನೀರ್–ಟೊಮೆಟೊ ಸಲಾಡ್ ಮಾಡೋದಾದರೆ ಹುರಿದ ಜೀರಿಗೆ, ನಿಂಬೆಹುಳಿ, ಕೊತ್ತಂಬರಿ ಹಾಕಿ ಮಾಡಿ, ಚೆನ್ನಾಗೇ ಇರುತ್ತೆ. ಅದನ್ನು ಕಾಪ್ರೇಸೆ ಅಂತ ಕರೆಯಬೇಡಿ ಅಷ್ಟೇ.

ಮನೆಯಲ್ಲಿ ಮಾಡೋಕೆ ಆಗುತ್ತೆ, ಆದರೆ ಹಾಲು ಸರಿ ಇರಬೇಕು. ಬರೀ ವಿನೆಗರ್ ಹಾಕಿ ಎಳೆಯುವ ವಿಡಿಯೊಗಳು ಬಹಳ ಓಡಾಡುತ್ತಿವೆ. ಅದರಿಂದ ಬರುವ ಉಂಡೆ ಪಿಜ್ಜಾಗೆ ಆದೀತು, ಹಸಿಯಾಗಿ ತಿನ್ನೋಕೆ ಗಟ್ಟಿ. ಕುದಿಸಿದ ಹಾಲೂ ಆಗುವುದಿಲ್ಲ. ಹಾಲು ಕುದ್ದಾಗ ಅದರ ನೀರಿನಲ್ಲಿರುವ ಪ್ರೋಟೀನುಗಳು ಹೋಗಿ ಕೇಸೀನಿಗೆ, ಅಂದರೆ ಹೆಪ್ಪುಗಟ್ಟುವ ಪ್ರೋಟೀನಿಗೆ, ಅಂಟಿಕೊಳ್ಳುತ್ತವೆ, ಆಮೇಲೆ ರೆನೆಟ್‌ಗೆ ಹಿಡಿತ ಸಿಗುವುದಿಲ್ಲ. ತಿಂಗಳುಗಟ್ಟಲೆ ಕೆಡದೆ ಇರುವ ಟೆಟ್ರಾ ಪ್ಯಾಕ್ ಹಾಲೂ ಅದೇ ಕಾರಣಕ್ಕೆ ಬೇಡ. ಪ್ಯಾಕೆಟ್ ಮೇಲೆ ಹೋಮೋಜನೈಸ್ಡ್ ಅಂತ ಇದ್ದರೂ ಗಟ್ಟಿ ಸರಿಯಾಗಿ ಕೂಡುವುದಿಲ್ಲ. ಡೈರಿಯಿಂದ ಕರೆದ ಹಾಲು ತಂದರೆ 63 ಡಿಗ್ರಿಗೆ ಬಿಸಿ ಮಾಡಿ, ಅದೇ ಬಿಸಿಯಲ್ಲಿ 30 ನಿಮಿಷ ಹಿಡಿದು, ಕೂಡಲೇ ತಣ್ಣಗೆ ಮಾಡಿ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನಾಲ್ಕು ಲೀಟರ್ ತಣ್ಣನೆಯ ಹಸುವಿನ ಹಾಲಿಗೆ ಒಂದೂವರೆ ಟೀ ಚಮಚ ಸಿಟ್ರಿಕ್ ಆಮ್ಲವನ್ನು, ಅಂದರೆ ನಿಂಬೆ ಉಪ್ಪನ್ನು, ಒಂದು ಲೋಟ ನೀರಿನಲ್ಲಿ ಕರಗಿಸಿ ಬೆರೆಸಿ. ಸಣ್ಣ ಉರಿಯಲ್ಲಿ 32 ಡಿಗ್ರಿಗೆ ತನ್ನಿ. ಸಸ್ಯಾಹಾರಿ ರೆನೆಟ್ ಅನ್ನು ಅದರ ಬಾಟಲಿ ಹೇಳುವಷ್ಟು ತೆಗೆದುಕೊಂಡು, ಕುಡಿಯುವ ನೀರಿನಲ್ಲಿ ಕದಡಿ ಹಾಕಿ, ಅರ್ಧ ನಿಮಿಷ ಕೈಯಾಡಿಸಿ ಬಿಟ್ಟುಬಿಡಿ. ನಲ್ಲಿ ನೀರು ಬೇಡ, ಅದರ ಕ್ಲೋರಿನ್‌ಗೆ ರೆನೆಟ್ ಸೋಲುತ್ತದೆ. ಐದು ಹತ್ತು ನಿಮಿಷದಲ್ಲಿ ಗಟ್ಟಿಯಾಗಿ, ಚಾಕು ಇಟ್ಟರೆ ನೀಟಾಗಿ ಸೀಳುತ್ತದೆ. ಅಂಗುಲದ ಚೌಕಗಳಾಗಿ ಕೊಯ್ದು, 40 ಡಿಗ್ರಿ ತನಕ ಮೆಲ್ಲಗೆ ಬಿಸಿ ಮಾಡಿ, ಸೋಸಿ. 80 ಡಿಗ್ರಿಯ ಬಿಸಿನೀರಿಗೆ ಅದನ್ನು ಹಾಕಿ, ರಬ್ಬರ್ ಕೈಗವಸು ತೊಟ್ಟು ಎಳೆದು ಮಡಿಸಿ. ಒಳಗಿನ ಬಿಸಿ 57–60 ಆದಾಗ ಅದು ತಾನಾಗಿ ಎಳೆಯುತ್ತದೆ. ನಯವಾಗಿ ಹೊಳೆಯಲು ಶುರುವಾದ ಕ್ಷಣಕ್ಕೆ ನಿಲ್ಲಿಸಿ. ಇನ್ನೂ ಎಳೆದರೆ ಒಳಗಿನ ಹಾಲೆಲ್ಲ ಹೊರಗೆ ಹೋಗಿ ಮತ್ತೆ ನಿಮ್ಮ ಹಳೆಯ ತೊಂದರೆಗೇ ಬರುತ್ತೀರಿ. ಉಂಡೆ ಕಟ್ಟಿ ಉಪ್ಪು ಹಾಕಿದ ತಣ್ಣೀರಿಗೆ ಬಿಡಿ. ನಾನೂರು ಗ್ರಾಂ ಆಸುಪಾಸು ಸಿಗುತ್ತದೆ. ನಿಜ ಹೇಳಬೇಕು ಅಂದರೆ, ಭಾನುವಾರದ ಊಟಕ್ಕೆ ಕೊಂಡು ತನ್ನಿ. ಇದನ್ನು ಅತಿಥಿಗಳಿಲ್ಲದ ದಿನ ಮಾಡಿ ನೋಡಿ.

ಟೊಮೆಟೊ ವಿಷಯಕ್ಕೆ ಬಂದರೆ ನಮ್ಮಲ್ಲಿ ಟೊಮೆಟೊಗೆ ಬರವಿಲ್ಲ. ಕೋಲಾರದ್ದು ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಂದ ಲಾರಿಗಟ್ಟಲೆ ಬೇರೆ ರಾಜ್ಯಗಳಿಗೆ ಹೋಗುತ್ತದೆ. ದೂರ ಹೋಗುವ ಹಣ್ಣಿಗೆ ದಪ್ಪ ಸಿಪ್ಪೆ, ಗಟ್ಟಿ ಮೈ ಬೇಕು. ಬಣ್ಣ ತಿರುಗುವ ಮೊದಲೇ, ಇಲ್ಲಾ ತಿರುಗುತ್ತಿರುವಾಗಲೇ ಕೀಳುತ್ತಾರೆ. ಅಂಗಡಿಯ ಹೈಬ್ರಿಡ್ ಟೊಮೆಟೊ ನೋಡೋಕೆ ಕೆಂಪಗಿದ್ದರೂ ಹಸಿಯಾಗಿ ತಿಂದರೆ ರುಚಿ ಇಲ್ಲದಿರೋದು ಇದಕ್ಕೇ. ನಾಟಿಯಾದರೆ ಸಿಪ್ಪೆ ತೆಳು, ರಸ ಜಾಸ್ತಿ, ಹುಳಿಯೂ ಜಾಸ್ತಿ. ಇಟಲಿಯವರು ಹುಡುಕೋದು ಬೇರೆ ಥರದ ಹಣ್ಣು. ಸೊರೆಂಟೊ ಟೊಮೆಟೊ ಅಥವಾ ಕುವೋರೆ ದಿ ಬುವೆ ಎಂಬ ತಳಿ, ದಪ್ಪ, ತುಂಬ ತಿರುಳು, ಹುಳಿ ಕಮ್ಮಿ. ಹೆಸರುವಾಸಿಯಾದ ಸಾನ್ ಮರ್ಜಾನೊ ಸಾಸ್‌ಗೆ ಹೇಳಿಸಿದ್ದು, ಇದಕ್ಕಲ್ಲ.

ಹಾಗಾದರೆ ಮೈಸೂರಿನಲ್ಲಿ ನೀವು ಏನು ಮಾಡಬೇಕು? ನಾನಾದರೆ ಚೆನ್ನಾಗಿ ಹಣ್ಣಾದ ನಾಟಿಯನ್ನೇ ತೆಗೆದುಕೊಳ್ಳುತ್ತೇನೆ. ಬಿಲ್ಲೆ ಅಷ್ಟು ನೀಟಾಗಿ ನಿಲ್ಲುವುದಿಲ್ಲ, ಫೋಟೊಗೆ ಹೇಳಿಸಿದ್ದಲ್ಲ. ರುಚಿಗೆ ಮಾತ್ರ ಮೋಸವಿಲ್ಲ. ಅದರ ಹುಳಿಗೆ ಹಸಿ ಹಾಲಿನ ಸಿಹಿ ಚೆನ್ನಾಗಿ ಕೂಡುತ್ತದೆ. ತೀರಾ ಹುಳಿ ಅನ್ನಿಸಿದರೆ ಅರ್ಧ ನಾಟಿ, ಅರ್ಧ ಹಣ್ಣಾದ ಚೆರಿ ಟೊಮೆಟೊ ಸೇರಿಸಿ. ಕೈಗೆ ತೂಕ ಅನ್ನಿಸಬೇಕು, ತೊಟ್ಟಿನ ಹತ್ತಿರ ಮೂಗಿಟ್ಟರೆ ಗಿಡದ ವಾಸನೆ ಬರಬೇಕು. ಅಲ್ಲೇ ವಾಸನೆ ಇಲ್ಲ ಅಂದರೆ ತಟ್ಟೆಗೆ ಬಂದ ಮೇಲೂ ಇರುವುದಿಲ್ಲ. ಗುರುವಾರವೇ ತಂದು, ತೊಟ್ಟಿನ ಕಡೆ ಕೆಳಗೆ ಮಾಡಿ, ಅಡುಗೆಮನೆಯಲ್ಲಿ ಹರಡಿ ಇಡಿ. ಒಂದರ ಮೇಲೊಂದು ಹೇರಬೇಡಿ.

ಫ್ರಿಜ್ಜಿಗೆ ಮಾತ್ರ ಹಾಕಲೇಬೇಡಿ. ಟೊಮೆಟೊದ ಸಿಹಿ, ಹುಳಿ ನಾಲಿಗೆಗೆ ಗೊತ್ತಾಗುತ್ತೆ, ಆದರೆ ಟೊಮೆಟೊ ಅಂತ ಅನ್ನಿಸೋದು ಅದರ ಪರಿಮಳದಿಂದ. 12 ಡಿಗ್ರಿಗಿಂತ ಕೆಳಗೆ ಆ ಪರಿಮಳ ತಯಾರಾಗೋದು ನಿಧಾನವಾಗುತ್ತದೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದನ್ನು ತೋರಿಸಿದರು. 5 ಡಿಗ್ರಿಯಲ್ಲಿ ಒಂದು ವಾರ ಇಟ್ಟ ಹಣ್ಣಿನಲ್ಲಿ ಸಕ್ಕರೆ, ಹುಳಿ ಹಾಗೇ ಇದ್ದವು. ಪರಿಮಳಕ್ಕೆ ಕಾರಣವಾದ ಜೀನ್‌ಗಳು ಮಾತ್ರ ಮಂಕಾಗಿದ್ದವು. ಹೊರಗೆ ತೆಗೆದಿಟ್ಟರೂ ಪರಿಮಳ ಪೂರ್ತಿ ವಾಪಸ್ ಬರಲಿಲ್ಲ. ಒಂದು ರಾತ್ರಿ ಇಟ್ಟರೆ ಅಷ್ಟು ಹಾಳಾಗುವುದಿಲ್ಲ, ನಿಜ. ಆದರೂ ಈ ಸಲಾಡ್‌ಗೆ ತಂದದ್ದನ್ನು ಹೊರಗೇ ಇಡಿ.

ಬೀಜ ತೆಗೆದಿರಿ ಅಂದಿರಿ. ಅಲ್ಲೇ ರುಚಿ ಹೋಯಿತು ನೋಡಿ. ಬೀಜದ ಸುತ್ತ ಇರುವ ಲೋಳೆಯಲ್ಲಿ ಗ್ಲುಟಮೇಟ್ ಹೊರಗಿನ ತಿರುಳಿಗಿಂತ ಜಾಸ್ತಿ. ಬಾಯಲ್ಲಿ ರುಚಿ ನಿಲ್ಲಿಸೋದು ಅದೇ. ಅದನ್ನು ತೆಗೆದು ಬಿಸಾಕಿದರೆ ಉಳಿಯೋದು ಬರೀ ಕೆಂಪು ತಿರುಳು. ನೀರಿಗೆ ಬೇರೆ ಉಪಾಯ ಇದೆ.

ನೀರು ಎರಡು ಕಡೆಯಿಂದ ಬರುತ್ತದೆ. ಟೊಮೆಟೊಗೆ ಉಪ್ಪು ಬಿದ್ದ ಕೂಡಲೇ ಅದರ ಜೀವಕೋಶಗಳು ನೀರು ಬಿಡಲು ಶುರು ಮಾಡುತ್ತವೆ. ಹಸಿ ಚೀಸ್ ಕೊಯ್ದರೆ ಅದರ ಹಾಲಿನ ನೀರು. ನಾವು ಎಲ್ಲವನ್ನೂ ಜೋಡಿಸಿ, ಉಪ್ಪು ಉದುರಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತಂದರೆ ಇವೆರಡೂ ತಟ್ಟೆಯಲ್ಲೇ ಕೂಡಿ ಕೊಳವಾಗುತ್ತೆ. ಈ ನೀರು ಬರಲಿ, ಆದರೆ ತಟ್ಟೆಗೆ ಜೋಡಿಸುವ ಮೊದಲೇ ಬರಲಿ. ಇಷ್ಟೇ ಗುಟ್ಟು. ಟೊಮೆಟೊವನ್ನು ಗರಗಸದ ಅಂಚಿನ ಚಾಕುವಿನಿಂದ ಅರ್ಧ ಅಂಗುಲಕ್ಕಿಂತ ಸ್ವಲ್ಪ ತೆಳುವಾದ ಬಿಲ್ಲೆ ಮಾಡಿ. ಅಗಲವಾದ ಜರಡಿಯಲ್ಲಿ ಹರಡಿ, ಕೆಳಗೆ ಬಟ್ಟಲಿಡಿ. 300 ಗ್ರಾಂ ಹಣ್ಣಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ ಉಪ್ಪು. ಹದಿನೈದು ನಿಮಿಷ ಬಿಡಿ. ಚೀಸನ್ನೂ ಅದೇ ದಪ್ಪಕ್ಕೆ ಕೊಯ್ದು, ಒಣ ಮಲ್ಲಿನ ಬಟ್ಟೆ ಮೇಲೆ ಅಷ್ಟೇ ಹೊತ್ತು ಬಿಡಿ. ಒತ್ತಬೇಡಿ, ಹಿಂಡಬೇಡಿ. ಬಟ್ಟಲಿಗೆ ಇಳಿದ ಟೊಮೆಟೊ ನೀರನ್ನು ಚೆಲ್ಲಬೇಡಿ, ಅದಕ್ಕೆ ಕೆಲಸವಿದೆ.

ಬೇಸಿಲ್. ತುಳಸಿ ಹಾಕಿದ್ದಕ್ಕೇ ಲವಂಗದ ಖಾರ ಬಂದಿರಬೇಕು. ತುಳಸಿಯಲ್ಲಿ ಯುಜೆನಾಲ್ ಜಾಸ್ತಿ, ಲವಂಗದ ವಾಸನೆಯೂ ಅದರದ್ದೇ. ಹಾಲಿನ ಜೊತೆ ಅದು ಔಷಧಿಯ ರುಚಿ ಕೊಡುತ್ತದೆ. ನಿಮ್ಮ ಹಿತ್ತಿಲಲ್ಲೇ ಇನ್ನೊಂದು ಗಿಡ ಇದ್ದರೂ ಇರಬಹುದು: ಕಾಮಕಸ್ತೂರಿ. ಇಟಲಿಯ ಬೇಸಿಲ್ ಮತ್ತು ಕಾಮಕಸ್ತೂರಿ ಒಂದೇ ಜಾತಿಯ ಗಿಡಗಳು, ತಳಿ ಮಾತ್ರ ಬೇರೆ. ಶರಬತ್ತಿಗೆ ನೆನೆಹಾಕುವ ಆ ಕಪ್ಪು ಬೀಜ ಇದರದ್ದೇ. ಕಾಮಕಸ್ತೂರಿಯ ಎಲೆ ಚಿಕ್ಕದು, ವಾಸನೆಯಲ್ಲಿ ಸೋಂಪಿನ ಛಾಯೆ ಇದೆ, ಘಾಟೂ ಜಾಸ್ತಿ. ಹಾಗಾಗಿ ತುದಿಯ ಎಳೆಯ ಎಲೆಗಳನ್ನು ಮಾತ್ರ, ಬೇಸಿಲ್‌ಗಿಂತ ಅರ್ಧದಷ್ಟು ಹಾಕಿ. ಮಾಲೆ ಕಟ್ಟೋಕೆ ಮಾರುವ ಕಾಮಕಸ್ತೂರಿ ಬೇಡ, ಅದಕ್ಕೆ ಏನು ಸಿಂಪಡಿಸಿರುತ್ತಾರೋ. ಕುಂಡದ ಗಿಡದ್ದೇ ಸರಿ. ಇಟಲಿಯ ತಳಿಯ ಬೇಸಿಲ್ ಸಿಕ್ಕರೆ ಇನ್ನೂ ಸಂತೋಷ. ಅದನ್ನೂ ಫ್ರಿಜ್ಜಿಗೆ ಹಾಕಬೇಡಿ, ತಣ್ಣಗಾದರೆ ಎಲೆ ಕಪ್ಪಾಗುತ್ತದೆ. ದಂಟನ್ನು ನೀರಿನ ಲೋಟದಲ್ಲಿ ಇಡಿ. ಚಾಕುವಿನಿಂದ ಸಣ್ಣಗೆ ಹೆಚ್ಚಬೇಡಿ. ಸಣ್ಣ ಎಲೆ ಇಡೀ ಹಾಕಿ, ದೊಡ್ಡದನ್ನು ಕೈಯಲ್ಲಿ ಹರಿದು ಹಾಕಿ, ಅದೂ ಬಡಿಸುವ ಹೊತ್ತಿಗೆ. ಕಾಪ್ರಿ, ನೇಪಲ್ಸ್ ಕಡೆ ಒಣಗಿಸಿದ ಒರೆಗಾನೊವನ್ನೂ ಒಂದು ಚಿಟಿಕೆ ಉದುರಿಸುವವರಿದ್ದಾರೆ. ಪಿಜ್ಜಾ ಜೊತೆ ಬಂದ ಪೊಟ್ಟಣಗಳು ಮನೆಯಲ್ಲಿ ಸುಮ್ನೆ ಬಿದ್ದಿರುತ್ತವೆ ಅಲ್ವಾ, ಆದರೆ ಅದರಲ್ಲಿ ಬೇರೆ ಮಸಾಲೆ, ಉಪ್ಪು ಬೆರೆಸಿರುತ್ತಾರೆ. ಹಾಕೋದಾದರೆ ಬರೀ ಒರೆಗಾನೊ ಹಾಕಿ.

ಎಣ್ಣೆ ಎಕ್ಸ್‌ಟ್ರಾ ವರ್ಜಿನ್ ಆಗಿರಲೇಬೇಕು. ಲೈಟ್, ಪೊಮಾಸ್ ಅಂತ ಬರೆದದ್ದು ಕರಿಯೋಕೆ, ಒಗ್ಗರಣೆಗೆ. ಪೊಮಾಸ್ ಅಂದರೆ ಗಾಣದಲ್ಲಿ ಉಳಿದ ಹಿಂಡಿಯಿಂದ ದ್ರಾವಕ ಹಾಕಿ ತೆಗೆದು ಶುದ್ಧೀಕರಿಸಿದ ಎಣ್ಣೆ, ಅದಕ್ಕೆ ರುಚಿ ಇಲ್ಲ. ಸಣ್ಣ ಬಾಟಲಿ, ಗಾಢ ಬಣ್ಣದ ಗಾಜಿನದು ತನ್ನಿ. ಒಂದು ಚಮಚ ಹಾಗೇ ಕುಡಿದು ನೋಡಿ. ಹಸಿ ಹುಲ್ಲಿನ ವಾಸನೆ ಇದ್ದು, ನುಂಗಿದ ಮೇಲೆ ಗಂಟಲಲ್ಲಿ ಮೆಣಸಿನ ಚುರುಕು ಬಂದರೆ ತಾಜಾ ಎಣ್ಣೆ. ಹಳೆಯ ಕಡಲೇಕಾಯಿ ವಾಸನೆ ಬಂದರೆ ಕಮಟು ಹಿಡಿದದ್ದು, ಒಗ್ಗರಣೆಗೂ ಬೇಡ.

ಬಾಲ್ಸಾಮಿಕ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಅದು ದ್ರಾಕ್ಷಿ ರಸದಿಂದ ಮಾಡುವ ವಿನೆಗರ್, ಉತ್ತರ ಇಟಲಿಯ ಮೊದೆನಾ, ರೆಜ್ಜೊ ಎಮಿಲಿಯಾ ಊರುಗಳದ್ದು. ನಿಜವಾದ ಸಾಂಪ್ರದಾಯಿಕ ಬಾಲ್ಸಾಮಿಕ್ ಕನಿಷ್ಠ 12 ವರ್ಷ ಮರದ ಪೀಪಾಯಿಯಲ್ಲಿ ಕೂತಿರುತ್ತೆ, ಹನಿ ಲೆಕ್ಕದಲ್ಲಿ ಬಳಸುತ್ತಾರೆ. ನೀವು ಸುರಿದದ್ದು ಸಿಹಿ ಹಾಕಿ ಮಂದ ಮಾಡಿದ ಸಾಸ್. ಅದು ಬಿಳಿ ಚೀಸನ್ನು ಕಂದು ಮಾಡುತ್ತೆ, ಹಾಲಿನ ರುಚಿಯನ್ನು ಮುಚ್ಚುತ್ತೆ. ಕಾಪ್ರಿಯ ತಟ್ಟೆಯಲ್ಲಿ ಅದಕ್ಕೆ ಜಾಗ ಇಲ್ಲ. ನಿಂಬೆಹುಳಿ, ಬೆಳ್ಳುಳ್ಳಿ, ಈರುಳ್ಳಿಗೂ ಇಲ್ಲ. ಟೊಮೆಟೊದಲ್ಲೇ ಬೇಕಾದಷ್ಟು ಹುಳಿ ಇದೆ.

ಈಗ ಭಾನುವಾರ. ಒಂದು ಗಂಟೆಗೆ ಊಟ ಅಂದುಕೊಳ್ಳೋಣ. ಇಬ್ಬರಿಗೆ 300 ಗ್ರಾಂ ಟೊಮೆಟೊ, 200–250 ಗ್ರಾಂ ಚೀಸ್, ಎಂಟು ಹತ್ತು ಎಲೆ, ಎರಡು ದೊಡ್ಡ ಚಮಚ ಎಣ್ಣೆ. ಜನ ಎಷ್ಟೋ ಅದಕ್ಕೆ ತಕ್ಕಂತೆ ಏರಿಸಿ. ಹನ್ನೆರಡಕ್ಕೆ ಚೀಸ್ ಫ್ರಿಜ್ಜಿನಿಂದ ಹೊರಗೆ ಬರಲಿ. ಮರೆತುಹೋದರೆ ಪ್ಯಾಕೆಟ್ ಒಡೆಯದೆ ಉಗುರುಬೆಚ್ಚಗಿನ ನೀರಿನಲ್ಲಿ, 35–40 ಡಿಗ್ರಿ ಸಾಕು, ಹತ್ತು ನಿಮಿಷ ಮುಳುಗಿಸಿಡಿ. ಇಟಲಿಯಲ್ಲೂ ಚಳಿಗಾಲದಲ್ಲಿ ಹೀಗೇ ಮಾಡುತ್ತಾರೆ. ಹನ್ನೆರಡೂವರೆಗೆ ಟೊಮೆಟೊ ಕೊಯ್ದು ಉಪ್ಪು ಹಾಕಿ, ಚೀಸ್ ಕೊಯ್ದು ಬಟ್ಟೆ ಮೇಲೆ ಹಾಕಿ. ಹನ್ನೆರಡು ಐವತ್ತಕ್ಕೆ ಅಗಲವಾದ ತಟ್ಟೆಯಲ್ಲಿ ಒಂದು ಟೊಮೆಟೊ, ಒಂದು ಚೀಸ್, ಒಂದಕ್ಕೊಂದು ಸ್ವಲ್ಪ ಆತುಕೊಳ್ಳುವ ಹಾಗೆ ಜೋಡಿಸಿ. ನಾಟಿ ಹಣ್ಣಿನ ಬಿಲ್ಲೆ ಮುರಿದರೆ ಬೇಜಾರು ಬೇಡ, ಎಲ್ಲವನ್ನೂ ಹೋಳು ಮಾಡಿ, ಚೀಸನ್ನು ಕೈಯಲ್ಲೇ ಹರಿದು ಹರಡಿ. ಆಮೇಲೆ ಚೀಸ್ ಮೇಲೆ ನಾಲ್ಕು ಕಾಳು ಉಪ್ಪು. ನಮ್ಮಲ್ಲಿ ಸಿಗುವ ಹಸಿ ಮೊಝರೆಲ್ಲಾ ಸಾಮಾನ್ಯವಾಗಿ ಸಪ್ಪೆ, ಟೊಮೆಟೊ ಉಪ್ಪು ಅದಕ್ಕೆ ಸಾಲುವುದಿಲ್ಲ. ಉಪ್ಪು ಮೊದಲು, ಎಣ್ಣೆ ಆಮೇಲೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಎಣ್ಣೆ ಮೊದಲು ಬಿದ್ದರೆ ಉಪ್ಪು ಹರಳು ಹರಳಾಗಿ ಹಲ್ಲಿಗೆ ಸಿಗುತ್ತೆ.

ಬಟ್ಟಲಿನಲ್ಲಿ ಉಳಿದ ಟೊಮೆಟೊ ನೀರು ನೆನಪಿದೆಯಾ? ಅದರಲ್ಲಿ ಎರಡು ಚಮಚ ತೆಗೆದುಕೊಂಡು, ಎರಡು ಚಮಚ ಎಣ್ಣೆ ಸೇರಿಸಿ, ಮುಳ್ಳುಚಮಚದಿಂದ ಮಂದವಾಗುವ ತನಕ ಕದಡಿ. ಇದನ್ನು ಮೇಲಿನಿಂದ ಸುರಿಯಿರಿ. ಎಲೆ ಹಾಕಿ. ಕಾಳುಮೆಣಸು ಬೇಕಾದರೆ ಒಂದು ಸಲ ತಿರುವಿ, ಬೇಡವಾದರೆ ಬಿಡಿ. ಹತ್ತು ನಿಮಿಷದೊಳಗೆ ಬಡಿಸಿ.

ತಿನ್ನುತ್ತಾ ಹೋದ ಹಾಗೆ ತಳದಲ್ಲಿ ಒಂದಿಷ್ಟು ರಸ ಮತ್ತೆ ಸೇರುತ್ತದೆ. ಅದು ಮೊದಲಿನ ಸಪ್ಪೆ ನೀರಲ್ಲ. ಎಣ್ಣೆ, ಹಾಲು, ಟೊಮೆಟೊ, ಉಪ್ಪು ಕೂಡಿದ ರಸ. ಇಟಲಿಯವರು ಅದನ್ನು ಬ್ರೆಡ್ ಚೂರಿನಿಂದ ಒರೆಸಿ ತಿಂದೇ ಏಳುವುದು. ಹಾಗಾಗಿ ಪಕ್ಕಕ್ಕೆ ಗಟ್ಟಿ ಸಿಪ್ಪೆಯ ಬ್ರೆಡ್ ಇಡಿ. ಸಿಹಿ ಸ್ಯಾಂಡ್‌ವಿಚ್ ಬ್ರೆಡ್ ಬೇಡ. ಪೂರಿ, ಚಪಾತಿ ಅಂತ ಕೇಳಬೇಡಿ, ಆದರೆ ಮನೆಯಲ್ಲಿ ಯಾರಾದರೂ ಚಪಾತಿಯಲ್ಲೇ ಒರೆಸಿದರೆ ನಾನು ಬೈಯುವುದಿಲ್ಲ.

ಉಳಿದರೆ ಹಾಗೇ ಎತ್ತಿಟ್ಟು ಸಂಜೆಗೆ ಸಲಾಡ್ ಅಂತ ಬಡಿಸಬೇಡಿ. ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಆಗಷ್ಟೇ ಬಸಿದ ಬಿಸಿ ಪಾಸ್ತಾಗೆ ಹಾಕಿ ತಿರುವಿ. ಚೀಸ್ ಅರ್ಧ ಕರಗಿ ಎಳೆ ಬರುತ್ತೆ, ಟೊಮೆಟೊ ರಸವೇ ಸಾಸ್ ಆಗುತ್ತೆ. ನಿಮ್ಮ ಫ್ರಿಜ್ಜಿನಲ್ಲಿ ಪಿಜ್ಜಾ ಮೊಝರೆಲ್ಲಾ ಇನ್ನೂ ಉಳಿದಿದ್ದರೆ ಅದನ್ನೂ ತುರಿದು ಅದಕ್ಕೇ ಸೇರಿಸಿ ಮುಗಿಸಿಬಿಡಿ.